ಕೀಳ್ತಿದ್ಲೋ, ಹೂಳ್ತಿದ್ಲೋ: ಮಗಳಿಗೊಂದು ಪತ್ರ

ಸಾಗರ
12-10-2025, ಭಾನುವಾರ

ಪ್ರೀತಿಯ ಪುಟ್ಟಿ,

ಡಿಸೆಂಬರ್‌ನಲ್ಲಿ ಊರಿಗೆ ಬರುವುದಿಲ್ಲ ಅಂತ ಅಮ್ಮನ ಫೋನಿಗೆ ಮೆಸೇಜ್ ಹಾಕಿದ್ದೀಯ. ಕಾರಣ ಬರೆದಿಲ್ಲ. ಅವಳು ಕನ್ನಡಕ ಹುಡುಕಿ ತಂದು ಎರಡು ಸಲ ಓದಿದಳು. ಆಮೇಲೆ ಫೋನನ್ನು ನನ್ನ ಕೈಗಿಟ್ಟು ಒಳಗೆ ಹೋದಳು. ಏನೂ ಅನ್ನಲಿಲ್ಲ. ನಾಲ್ಕು ಮಾತು ಬೈದಿದ್ದರೆ ವಾಸಿಯಿತ್ತು.

ಆಗಸ್ಟ್ 20ರ ರಾತ್ರಿ ಯಾರು ಯಾರಿಗೆ ಏನಂದರು ಅಂತ ಮತ್ತೆ ಬರೆಯುವುದಿಲ್ಲ. ನಿನಗೂ ನೆನಪಿದೆ, ನನಗೂ ಇದೆ, ಪಕ್ಕದ ಮನೆಯವರಿಗೂ ಇರಬಹುದು, ಅಷ್ಟು ಕೂಗಿದ್ದೇನೆ. ‘ಇದಕ್ಕೇನಾ ನಿನಗೆ ಕೆಮಿಸ್ಟ್ರಿ ಓದಿಸಿದ್ದು’ ಅಂದದ್ದನ್ನು ಮಾತ್ರ ವಾಪಸ್ ತೆಗೆದುಕೊಂಡಿದ್ದೇನೆ. ಓದಿದ್ದು ನೀನು. ನಾನು ಫೀಸು ಕಟ್ಟಿದೆ, ಅದೂ ಎರಡು ವರ್ಷ. ಆಮೇಲೆ ನಿನ್ನ ಸ್ಕಾಲರ್‌ಶಿಪ್ಪೇ ನಡೆಸಿತು.

ಅವತ್ತು ನಾನು ಹೈಸ್ಕೂಲಿನಲ್ಲಿ ವೈಜ್ಞಾನಿಕ ಮನೋಭಾವ ದಿನದ ಭಾಷಣ ಮುಗಿಸಿ ಬಂದಿದ್ದೆ. 2013ರಲ್ಲಿ ಪುಣೆಯಲ್ಲಿ, ಮೂಢನಂಬಿಕೆ ವಿರುದ್ಧ ಹೋರಾಡಿದ ನರೇಂದ್ರ ದಾಭೋಲ್ಕರ್ ಅವರಿಗೆ ಗುಂಡು ಹೊಡೆದದ್ದು ಅದೇ ದಿನ. ಉರಿಯುವ ಕರ್ಪೂರ ನಾಲಿಗೆ ಮೇಲೆ ಇಟ್ಟು ತೋರಿಸಿದ್ದೆ, ಮಕ್ಕಳ ಚಪ್ಪಾಳೆ ಇನ್ನೂ ಕಿವಿಯಲ್ಲಿತ್ತು. ಆ ಹೊತ್ತಿಗೆ ವಿಡಿಯೋ ಕಾಲ್‌ನಲ್ಲಿ ನೀನು, ನಿನ್ನ ಹಿಂದೆ ಮೊಂಬತ್ತಿ, ಉಪ್ಪಿನ ಬಟ್ಟಲು, ಕಪ್ಪು ಹಿಡಿಯ ಚೂರಿ. 1612ರಲ್ಲಿ ಇಂಗ್ಲೆಂಡಿನ ನಿಮ್ಮ ಲ್ಯಾಂಕಾಸ್ಟರ್‌ನಲ್ಲೇ ಹತ್ತು ಜನರನ್ನು ಮಾಟ ಮಾಡಿದರು ಅಂತ ನೇಣು ಹಾಕಿದ್ದೂ ಆಗಸ್ಟ್ 20ರಂದೇ ಅಂತ ನೀನು ಹೇಳಿದಾಗ ನನಗೆ ಮೈ ಜುಮ್ಮೆಂದಿತು. ಕಾಕತಾಳೀಯ ಅಂದರೇನು ಅಂತ ಮೂವತ್ತು ವರ್ಷ ಬೋರ್ಡಿನ ಮೇಲೆ ಬರೆದವನಿಗೆ! ಆ ಸಿಟ್ಟೂ ಸೇರಿತು ಅಂತ ಕಾಣುತ್ತದೆ. ‘ನಾನೂ ವಿಚ್ಚೇ ಅಪ್ಪಾ’, ಅಂದರೆ ಮಾಟಗಾತಿಯೇ, ಅಂತ ನೀನು ನಗುತ್ತಾ ಅಂದೆ. ಆ ನಗು ನನಗೆ ತಡೆಯಲಿಲ್ಲ.

ಈ ಎರಡು ತಿಂಗಳು ಓದಿದೆ. ನಿನ್ನ ಜೊತೆ ಮಾತು ಬಿಟ್ಟವನಿಗೆ ಸಮಯ ಬೇಕಾದಷ್ಟು. ನಾನು ಅಂದುಕೊಂಡದ್ದೇ ಬೇರೆ, ವಿಕ್ಕಾ ಅನ್ನುವ ನಿಮ್ಮ ಈ ‘ವಿಚ್’ಗಳ ಧರ್ಮವೇ ಬೇರೆ ಅಂತ ಗೊತ್ತಾಯಿತು. ಸಿಲೋನಿನ ತೋಟಗಳಲ್ಲಿ, ಮಲಯದ ಕಸ್ಟಮ್ಸ್‌ನಲ್ಲಿ ಕೆಲಸ ಮಾಡಿ ನಿವೃತ್ತನಾದ ಗೆರಾಲ್ಡ್ ಗಾರ್ಡ್ನರ್ ಅನ್ನುವವನು, 1735ರ ಮಾಟದ ಕಾನೂನು 1951ರಲ್ಲಿ ರದ್ದಾದ ಮೇಲೆ, 1954ರಲ್ಲಿ ಪುಸ್ತಕ ಬರೆದು ಇದು ಕ್ರೈಸ್ತಧರ್ಮಕ್ಕಿಂತ ಹಳೆಯದು, ಗುಟ್ಟಾಗಿ ಉಳಿದು ಬಂದದ್ದು ಅಂದ. ಅದಕ್ಕೆ ಬೆನ್ನೆಲುಬಾಗಿದ್ದ ವಾದ ಮಾರ್ಗರೆಟ್ ಮರ್ರೇ ಅವರದು. ಆಕೆ ಹುಟ್ಟಿದ್ದು ನಮ್ಮ ಕಲ್ಕತ್ತೆಯಲ್ಲಿ, ನೋಡು! ಆಮೇಲೆ ಬ್ರಿಸ್ಟಲ್ ವಿಶ್ವವಿದ್ಯಾಲಯದ ರೊನಾಲ್ಡ್ ಹಟನ್ ಅವರಂಥ ಇತಿಹಾಸಕಾರರು ಕೂತು ಹುಡುಕಿದರೆ ಆ ಹಳೆಯ ದಾರದ ಎಳೆಯೇ ಸಿಗಲಿಲ್ಲ. ಇಷ್ಟೆಲ್ಲ ಪಾಯಿಂಟು ಬರೆದಿಟ್ಟುಕೊಂಡು ನಿನ್ನ ಮುಂದೆ ಗೆಲ್ಲಬೇಕು ಅಂತ ಕಾಯುತ್ತಿದ್ದೆ. ಆಮೇಲೆ ನೆನಪಾಯಿತು, ನೀನು ಇದು ಪುರಾತನ ಅಂತ ಹೇಳಿಯೇ ಇಲ್ಲ. ವಿಕ್ಕಾದವರ ದೇವಿ ಇದ್ದಾಳೆ ಅಂತಲೂ ಹೇಳಿಲ್ಲ. ‘ನಂಬಲ್ಲ ಅಪ್ಪಾ, ಆಚರಿಸ್ತೀನಿ’ ಅಂದೆ. ಹಾಗಾದರೆ ನಾನು ಯಾರ ಜೊತೆ ಜಗಳ ಆಡಿದೆ? ಎಪ್ಪತ್ತು ಚಿಲ್ಲರೆ ವರ್ಷದ ಧರ್ಮ, ನನಗಿಂತ ಆರು ವರ್ಷಕ್ಕೆ ದೊಡ್ಡದು ಅಷ್ಟೇ.

ನೀನು ಹೇಳಿದ 2010ರ ಆ ಪ್ರಯೋಗವನ್ನೂ ಓದಿದೆ. ಹೊಟ್ಟೆ ಕೆಟ್ಟಿದ್ದ 80 ಜನ, ಅದರಲ್ಲಿ ಸುಮಾರು ಅರ್ಧ ಜನಕ್ಕೆ ‘ಇದು ಬರೀ ಹುಸಿ ಮಾತ್ರೆ, ಔಷಧಿ ಏನೂ ಇಲ್ಲ’ ಅಂತ ಹೇಳಿಯೇ ಕೊಟ್ಟದ್ದು. ಮೂರು ವಾರದಲ್ಲಿ ಮಾತ್ರೆ ನುಂಗಿದವರಲ್ಲಿ ನೂರಕ್ಕೆ 59 ಜನ ಪರವಾಗಿಲ್ಲ ಅಂದರು, ನುಂಗದವರಲ್ಲಿ 35. ಗೊತ್ತಿದ್ದೂ ಆಚರಿಸಿದರೆ ಫಲ ಉಂಟು ಅನ್ನುವುದು ನಿನ್ನ ವಾದ. ಆದರೆ 80 ಜನ ಬಹಳ ಕಡಿಮೆ, ಮೂರು ವಾರ ಅದಕ್ಕಿಂತ ಕಡಿಮೆ. ಅಳೆದದ್ದು ಅವರು ಬಾಯಲ್ಲಿ ಹೇಳಿದ್ದನ್ನು. ಗಡ್ಡೆ ಕರಗಲ್ಲ, ಸಕ್ಕರೆ ಇಳಿಯಲ್ಲ. ಮನಸ್ಸಿಗೆ ಹಗುರ ಆಗುವುದು ಒಂದು, ಲೋಕ ಬದಲಾಗುವುದು ಇನ್ನೊಂದು, ಎರಡನ್ನೂ ಕಲಸಬಾರದು ಅಂತ ನಾನು ಎಂಟನೇ ಕ್ಲಾಸಿಗೇ…

ಪಾಠ ಶುರುವಾಯಿತು, ಬಿಡು.

ಪುಟ್ಟಿ, ನಾನು ಬರೆಯಬೇಕೆಂದಿದ್ದು ಇದಲ್ಲ. ಸೊಪ್ಪಿನಜ್ಜಿಯ ಕಥೆ ನಿನಗೆ ಗೊತ್ತು. ನನ್ನ ಎಲ್ಲ ಭಾಷಣದಲ್ಲೂ ಅದೇ ಮೊದಲು. ಸೊರಬದ ಕಡೆಯ ನಮ್ಮೂರಲ್ಲಿ 1969ರಲ್ಲಿ ನಾಟಿಮದ್ದು ಕೊಡುವ ಒಬ್ಬ ಅಜ್ಜಿಯನ್ನು ಮಾಟಗಾತಿ ಅಂತ ಓಡಿಸಿದರು, ಒಂಬತ್ತು ವರ್ಷದ ನಾನು ನೋಡಿದೆ, ಅವತ್ತೇ ವಿಚಾರವಾದಿಯಾದೆ. ಹೀಗೆ ಹೇಳುತ್ತಾ ಬಂದಿದ್ದೇನೆ. ನಿನಗೂ ಹೀಗೇ ಹೇಳಿ ಬೆಳೆಸಿದೆ. ಅದರಲ್ಲಿ ಒಂದು ತುಂಡನ್ನು ನಾನು ಕತ್ತರಿಸಿ ಇಟ್ಟುಕೊಂಡಿದ್ದೆ.

ದೊಡ್ಡಮನೆ ಯಜಮಾನರಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು, ಮಾತು ಮೂರೂ ಒಂದೇ ಬೆಳಿಗ್ಗೆ ಹೋದವು. ಹಿಂದಿನ ದಿನ ಅಜ್ಜಿ ಅವರ ದಣಪೆ ಹತ್ತಿರ ನಿಂತು ಎರಡು ಸೇರು ಅಕ್ಕಿ ಕೇಳಿದ್ದಳು. ಬೇಡಿದ್ದಲ್ಲ, ಬರಬೇಕಾದ್ದು, ಅವರ ಮೊಮ್ಮಗುವಿನ ಕಾಮಾಲೆಗೆ ಏಳು ದಿನ ಮದ್ದು ಅರೆದು ಕೊಟ್ಟಿದ್ದಳು. ಯಜಮಾನರು ಬೈದು ಕಳಿಸಿದರು. ಅವಳು ಏನೋ ಗೊಣಗಿಕೊಂಡು ಹೋದಳು. ಯಾರು ಗೊಣಗುವುದಿಲ್ಲ?

ಅವತ್ತು ಸಂಜೆ ನಾನು ದೊಡ್ಡಮನೆ ಹಿತ್ತಿಲ ಹಿಂದೆ ಕರು ಹುಡುಕುತ್ತಾ ಹೋಗಿದ್ದೆ. ಮಳೆ ಬಿಟ್ಟಿತ್ತು. ಅಜ್ಜಿ ಬೇಲಿಯ ಆಚೆ ಬಗ್ಗಿ ನಿಂತಿದ್ದಳು. ಕೈಯಲ್ಲಿ ನೆಲನೆಲ್ಲಿ. ಬೇರಿನ ತುದಿಯಿಂದ ಕೆಸರು ತೊಟ್ಟಿಕ್ಕುತ್ತಿತ್ತು. ಅದು ನೆಲನೆಲ್ಲಿ ಅಂತ ನನಗೆ ಚೆನ್ನಾಗಿ ಗೊತ್ತಿತ್ತು, ಹಿಂದಿನ ವರ್ಷ ನನಗೇ ಕಾಮಾಲೆಯಾಗಿ ಅದರ ರಸ ಮಜ್ಜಿಗೆಯಲ್ಲಿ ಕುಡಿದಿದ್ದೆ, ಅವಳೇ ಕೊಟ್ಟದ್ದು. ಮನೆಗೆ ಬಂದು ದೊಡ್ಡಪ್ಪನ ಮಗನ ಹತ್ತಿರ ಸುಮ್ಮನೆ ಹೇಳಿದೆ, ಸೊಪ್ಪಿನಜ್ಜಿ ದೊಡ್ಡಮನೆ ಹಿತ್ತಿಲಲ್ಲಿದ್ದಳು ಅಂತ.

ಮೂರನೆಯ ದಿನ ನನ್ನನ್ನು ಕರೆಸಿದರು. ದೊಡ್ಡಮನೆ ಜಗಲಿ ತುಂಬಾ ಗಂಡಸರು. ಒಳಗಿನಿಂದ ಯಜಮಾನರ ಗೊರಗೊರ ಕೇಳುತ್ತಿತ್ತು. ಯಜಮಾನರ ತಮ್ಮ ನನ್ನ ಹೆಗಲ ಮೇಲೆ ಕೈಯಿಟ್ಟು ಪಕ್ಕದಲ್ಲಿ ಕೂರಿಸಿಕೊಂಡರು. ನನ್ನನ್ನು ಆ ಜಗಲಿ ಮೇಲೆ ಕೂರಿಸಿದ್ದು ಅದೇ ಮೊದಲು. ಅವರು ಬಹಳ ಮೆತ್ತಗೆ ಕೇಳಿದರು: ‘ಸರಿಯಾಗಿ ನೆನಪು ಮಾಡ್ಕೊಂಡು ಹೇಳು ಮಗಾ. ಕೀಳ್ತಿದ್ಲೋ, ಹೂಳ್ತಿದ್ಲೋ?’

‘ಹೂಳ್ತಿದ್ಲು’ ಅಂದೆ.

ಯಾಕೆ ಅಂದೆ? ಐವತ್ತಾರು ವರ್ಷದಿಂದ ಹುಡುಕುತ್ತಿದ್ದೇನೆ. ಯಾರೂ ಹೊಡೆಯಲಿಲ್ಲ, ಹೆದರಿಸಲಿಲ್ಲ. ಬೆಲ್ಲ ಕೊಟ್ಟದ್ದೂ ಆಮೇಲೆ. ಎಲ್ಲರ ಮುಖದಲ್ಲೂ ಒಂದು ಉತ್ತರ ಸಿದ್ಧವಾಗಿತ್ತು, ನಾನು ಅದನ್ನು ಓದಿ ಹೇಳಿದೆ, ಬುದ್ಧಿವಂತ ಹುಡುಗ ಅಲ್ಲವೇ. ‘ಕೀ’ ಬದಲು ‘ಹೂ’, ಬದಲಾದದ್ದು ಒಂದೇ ಅಕ್ಷರ.

ಹೋಗಿ ಅಗೆದರು. ಮುರಿದ ಬಳೆ, ತುಕ್ಕು ಹಿಡಿದ ಮೊಳೆ, ಯಾವುದೋ ಪ್ರಾಣಿಯ ಸಣ್ಣ ಮೂಳೆ ಸಿಕ್ಕಿದವು. ಯಾರ ಹಿತ್ತಿಲು ಅಗೆದರೂ ಏನಾದರೂ ಸಿಗುತ್ತದೆ. ಅವಳ ಗುಡಿಸಲಿನ ಸೋಗೆ ಕಿತ್ತು ಹಾಕಿದರು, ಮಡಕೆಗಳನ್ನು ಕೆರೆ ಏರಿಗೆ ಎಸೆದರು. ಮಧ್ಯಾಹ್ನ ಒಂದು ಗಂಟು ಹಿಡಿದು ಅವಳು ಶಿರಾಳಕೊಪ್ಪದ ರಸ್ತೆ ಹಿಡಿದಳು. ನಮ್ಮ ಮನೆ ಮುಂದೆಯೇ ಹೋಗಬೇಕಿತ್ತು. ನಾನು ಬಾಗಿಲ ಸಂದಿಯಲ್ಲಿದ್ದೆ. ಅಂಗಳದ ತುದಿಯಲ್ಲಿ ನಿಂತು ನನ್ನ ಅವ್ವನಿಗೆ ಹೇಳಿದಳು, ‘ಹುಡುಗನಿಗೆ ಮಳೆಗಾಲ ಮುಗಿಯೋವರೆಗೂ ನೀರು ಕಾಯಿಸಿಯೇ ಕೊಡು, ಕಾಮಾಲೆ ಮರುಕಳಿಸ್ತದೆ’ ಅಂತ. ಹೇಳಿದ್ದು ಯಾರು ಅಂತ ಅವಳಿಗೆ ಗೊತ್ತಿತ್ತೋ ಇಲ್ಲವೋ. ಗೊತ್ತಿದ್ದೂ ಹೇಳಿದಳೋ. ಅವ್ವ ಅವತ್ತಿನಿಂದ ನೀರು ಕಾಯಿಸಿದಳು. ನಾನು ಕುಡಿದೆ.

ಇದನ್ನು ಇಷ್ಟು ವರ್ಷ ಹೇಳದವನು ಈಗ ಯಾಕೆ ಹೇಳುತ್ತಿದ್ದೇನೆ ಅಂದರೆ, 1612ರ ಆ ನೇಣಿಗೆ ಕಾರಣವಾದ, ನಿಮ್ಮ ಪೆಂಡಲ್ ಬೆಟ್ಟದ ವಿಚಾರಣೆಯ ಕಥೆ ಓದಿದೆ. ಅಲಿಜನ್ ಡಿವೈಸ್ ಅನ್ನುವ ಹುಡುಗಿ ದಾರಿಯಲ್ಲಿ ಹೊರೆ ಹೊತ್ತ ವ್ಯಾಪಾರಿಯೊಬ್ಬನ ಹತ್ತಿರ ಗುಂಡುಸೂಜಿ ಕೇಳಿದಳು, ಅವನು ಕೊಡಲಿಲ್ಲ, ಸ್ವಲ್ಪ ಹೊತ್ತಿಗೆ ಬಿದ್ದುಬಿಟ್ಟ. ಲಕ್ವವೇ ಇರಬೇಕು ಅಂತ ಈಗಿನವರು ಹೇಳುತ್ತಾರೆ. ಅಲ್ಲಿ ಗುಂಡುಸೂಜಿ, ಇಲ್ಲಿ ಎರಡು ಸೇರು ಅಕ್ಕಿ. ಅವಳು ತಾನೇ ಮಾಡಿದೆ ಅಂತ ಒಪ್ಪಿಕೊಂಡಳು, ಪಾಪ, ಅವಳಿಗೂ ಹಾಗೇ ಅನ್ನಿಸಿತ್ತು. ಅಲ್ಲಿಯವರೆಗೂ ಮಾಸ್ತರನ ಹಾಗೆ ಅಡಿಗೆರೆ ಹಾಕಿಕೊಂಡು ಓದುತ್ತಿದ್ದೆ. ಮುಂದೆ ಅವಳ ತಂಗಿ ಜೆನೆಟ್ ಬರುತ್ತಾಳೆ. ಎಲ್ಲರಿಗೂ ಕಾಣಲಿ ಅಂತ ನ್ಯಾಯಾಲಯದಲ್ಲಿ ಮೇಜಿನ ಮೇಲೆ ನಿಲ್ಲಿಸಿದರಂತೆ. ಹೆತ್ತ ತಾಯಿಯ ಮೇಲೇ ಸಾಕ್ಷಿ ಹೇಳಿದಳು. ವಯಸ್ಸು ಒಂಬತ್ತು.

ಅಲ್ಲಿ ಮುಚ್ಚಿಟ್ಟೆ. ಇನ್ನೂ ತೆರೆದಿಲ್ಲ.

ನೀನು ‘ವಿಚ್’ ಅನ್ನುವ ಆ ಪದವನ್ನು ಸರಕ್ಕೆ ಪದಕ ಪೋಣಿಸಿಕೊಂಡ ಹಾಗೆ ಹಾಕಿಕೊಂಡು ನಗುತ್ತೀಯ. ಕಳಂಕವನ್ನು ಕಿತ್ತುಕೊಂಡು ನಮ್ಮದು ಮಾಡಿಕೊಳ್ಳುತ್ತಿದ್ದೇವೆ ಅನ್ನುತ್ತೀಯ. 2021ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸುಮಾರು 13,000 ಜನ ತಮ್ಮ ಧರ್ಮ ವಿಕ್ಕಾ ಅಂತ ರಾಜಾರೋಷವಾಗಿ ಬರೆಸಿದ್ದಾರೆ. ಅಲ್ಲಿ ನಡೆಯುತ್ತದೆ. ಇಲ್ಲಿ ಆ ಪದವನ್ನು ಯಾರೂ ತಾವಾಗಿ ಹಾಕಿಕೊಂಡದ್ದಿಲ್ಲ, ಬೇರೆಯವರೇ ಹಾಕುವುದು. ಬಡವಿಗೆ, ವಿಧವೆಗೆ, ಕೊಟ್ಟ ಸಾಲ ವಾಪಸ್ ಕೇಳಿದವಳಿಗೆ. ನಮ್ಮ ರಾಜ್ಯದಲ್ಲಿ 2017ರಲ್ಲಿ ಮಾಟ, ಅಮಾನುಷ ಆಚರಣೆಗಳ ವಿರುದ್ಧ ಕಾನೂನು ಮಾಡಿದರು, ಕಾನೂನು ಬಂದ ಮೇಲೂ ಬಾಯಿ ಬದಲಾಗಿಲ್ಲ. ಆದ್ದರಿಂದ ಇಲ್ಲಿಗೆ ಬಂದಾಗ ಆ ಚೂರಿ, ಮೊಂಬತ್ತಿ, ಫೋಟೋ ಇವನ್ನೆಲ್ಲ ಊರಿಗೆ ತೋರಿಸಬೇಡ. ಗಿಡಮೂಲಿಕೆ ಅಂತ ಕಂಡದ್ದನ್ನೆಲ್ಲ ಕುದಿಸಿ ಕುಡಿಯಬೇಡ. ಪುದೀನ ಜಾತಿಯ ಪೆನ್ನಿರಾಯಲ್ ಗಿಡದ ಎಣ್ಣೆಯಲ್ಲಿರುವ ಪುಲೆಗೋನ್ ಅನ್ನುವ ರಾಸಾಯನಿಕ ಯಕೃತ್ತಿಗೆ ಏನು ಮಾಡುತ್ತದೆ ಅಂತ ನಿನಗೆ ನಾನು ಹೇಳಬೇಕಾಗಿಲ್ಲ, ಆದರೂ ಹೇಳಿದೆ. ಯಾರಿಗೂ ಡಾಕ್ಟರ ಬದಲು ಮಂತ್ರ ಕೊಡಬೇಡ. ದುಡ್ಡಂತೂ ಮುಟ್ಟಲೇಬೇಡ. ಮೊಂಬತ್ತಿ ಆರಿಸಿ ಮಲಗು. ನಿನ್ನ ರೂಮಿನ ಪರದೆ ಮೇಜಿಗೆ ತಾಗುತ್ತದೆ, ವಿಡಿಯೋದಲ್ಲಿ ನೋಡಿದ್ದೇನೆ.

ಅಂದ ಹಾಗೆ, ವಿಕ್ಕಾದವರು ತಮ್ಮ ಆಚರಣೆ ಬರೆದಿಡುವ ನಿನ್ನ ಆ ನೆರಳಿನ ಪುಸ್ತಕವೋ ಏನೋ, ಅದರ ಒಂದು ಪುಟದ ಫೋಟೋ ಅಮ್ಮನಿಗೆ ಕಳಿಸಿದ್ದೆಯಲ್ಲ, ಅವಳು ನನಗೆ ತೋರಿಸಿದಳು. ಬೆಳಿಗ್ಗೆ ಭವಿಷ್ಯ ನೋಡುವ ಟ್ಯಾರೋ ಎಲೆ ಎತ್ತಿ, ಇವತ್ತು ಲ್ಯಾಬಿನ ರಿಯಾಕ್ಷನ್ ಸರಿಬರುತ್ತದೋ ಇಲ್ಲವೋ ಅಂತ ಬರೆದು, ಸಂಜೆ ಪಕ್ಕದ ಕಾಲಂನಲ್ಲಿ ಆದದ್ದನ್ನು ಬರೆದಿದ್ದೀಯ. 40ರಲ್ಲಿ 19 ಸರಿ. ಕೆಳಗೆ ನಿನ್ನ ಕೈಬರಹದಲ್ಲೇ, ‘ನಾಣ್ಯ ಚಿಮ್ಮಿದರೂ ಇಷ್ಟೇ. ಆದರೂ ಎಲೆ ಎತ್ತುವ ಐದು ನಿಮಿಷ ಚೆನ್ನಾಗಿರುತ್ತದೆ.’ ತಪ್ಪಿದ 21ನ್ನೂ ಬಿಡದೆ ಬರೆದಿದ್ದೀಯ ಪುಟ್ಟಿ. ನಾನು ತಪ್ಪಿದ ಒಂದೇ ಒಂದನ್ನು 56 ವರ್ಷ ಬರೆಯಲಿಲ್ಲ. ಆ ಫೋಟೋವನ್ನು ನನ್ನ ಫೋನಿಗೂ ಕಳಿಸಿಕೊಂಡಿದ್ದೇನೆ.

ಹೋದ ವಾರ ಭೂಮಿ ಹುಣ್ಣಿಮೆ. ಅಮ್ಮ ರಾತ್ರಿಯೆಲ್ಲ ಎದ್ದು ಬೆರಕೆ ಸೊಪ್ಪು ಬೇಯಿಸಿದಳು. ಬೆಳಗಾಗುವ ಮೊದಲು ಭೂಮಣ್ಣಿ ಬುಟ್ಟಿ ಹೊತ್ತು ಗದ್ದೆಗೆ ಹೋಗಿ ಚರಗ ಚೆಲ್ಲಿದೆ, ಬಸುರಿ ಭೂಮಿಗೆ ಬಯಕೆ ಊಟ. ಪ್ರತಿ ವರ್ಷ ಚೆಲ್ಲುತ್ತೇನೆ. ಭೂಮಿ ಉಣ್ಣುತ್ತದೆ ಅಂತ ನಾನೂ ನಂಬಿಲ್ಲ. ನೀನು ಅವತ್ತು ಇದನ್ನೇ ಕೇಳಿದ್ದೆ, ನಾನು ‘ಅದು ಸಂಸ್ಕೃತಿ’ ಅಂತ ಬಾಯಿ ಮುಚ್ಚಿಸಿದೆ. ಈಗಲೂ ಉತ್ತರ ಹೊಳೆದಿಲ್ಲ. ಹೊಳೆದರೆ ಬರೆಯುತ್ತೇನೆ.

ಗದ್ದೆಯಿಂದ ಹಾಗೇ ಊರಿಗೆ ಹೋಗಿದ್ದೆ. ಸೊಪ್ಪಿನಜ್ಜಿಯ ಹೆಸರೇನು ಅಂತ ವಯಸ್ಸಾದ ನಾಲ್ಕು ಜನರನ್ನು ಕೇಳಿದೆ. ಯಾರಿಗೂ ಗೊತ್ತಿಲ್ಲ. ಎಲ್ಲರಿಗೂ ‘ಮಾಟದ ಮುದುಕಿ’ ಅಂದರೆ ತಕ್ಷಣ ನೆನಪಾಗುತ್ತದೆ. ಅಕ್ಟೋಬರ್ 31ಕ್ಕೆ ನೀವು ಸತ್ತವರನ್ನು ನೆನೆಯುತ್ತೀರಂತೆ, ನೀನು ಪೆಂಡಲ್ ಬೆಟ್ಟ ಹತ್ತುತ್ತೀಯಂತೆ, ಅಮ್ಮ ಹೇಳಿದಳು. ನನ್ನ ಪರವಾಗಿ ಏನಾದರೂ ಮಾಡು ಅಂತ ಕೇಳುತ್ತಿಲ್ಲ, ಅದಕ್ಕೆ ನನಗೆ ಮುಖವಿಲ್ಲ. ಬೆಚ್ಚಗೆ ಬಟ್ಟೆ ಹಾಕಿಕೊಂಡು ಹೋಗು. ಡಿಸೆಂಬರ್ ಟಿಕೆಟ್ ಈಗಲೂ ಸಿಗುತ್ತದೆ, ನೋಡಿದ್ದೇನೆ.

ಅಮ್ಮ ನಿನ್ನೆ ನಿನ್ನ ಫೋಟೋಗೆ ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಬಚ್ಚಲ ಒಲೆಗೆ ಹಾಕಿದಳು. ನಾನು ಅಲ್ಲೇ ನೀರು ತೋಡಿಕೊಳ್ಳುತ್ತಿದ್ದೆ. ‘ನೋಡಿ, ಒಂದು ಚೂರು ಘಾಟು ಇಲ್ಲ. ಎಷ್ಟು ದೃಷ್ಟಿಯಾಗಿತ್ತೋ ಕೂಸಿಗೆ’ ಅಂದಳು. ನನಗೆ ಗಂಟಲು ಉರಿದು ಕಣ್ಣಲ್ಲಿ ನೀರು ಬಂದಿತ್ತು. ‘ಹೌದು, ಇಲ್ಲ’ ಅಂದೆ. ಹಿತ್ತಿಲಿಗೆ ಹೋಗಿ ಕೆಮ್ಮಿ ಬಂದೆ.

ನಿನ್ನ,
ಅಪ್ಪ