ಈ ವಾರದ ಮಾತು: ಕೋಚ್ ಎಡ್ಡಿ ರಾಬಿನ್ಸನ್

ಎಲ್ಲರಿಗೂ ನಮಸ್ಕಾರ. ಈ ವಾರ ಎಡ್ಡಿ ರಾಬಿನ್ಸನ್ ಬಗ್ಗೆ ಮಾತಾಡೋಣ. ಅಮೆರಿಕದ ಲೂಯಿಸಿಯಾನಾದ ಗ್ರ್ಯಾಂಬ್ಲಿಂಗ್ ಕಾಲೇಜಿಗೆ 1941ರಲ್ಲಿ ಅಮೆರಿಕನ್ ಫುಟ್‌ಬಾಲ್ (ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟ) ಕೋಚ್ ಆಗಿ ಬಂದವರು, ಬಿಟ್ಟಿದ್ದು 1997ರಲ್ಲಿ. 408 ಗೆಲುವು! ಶುರುವಿನಲ್ಲಿ ಮೈದಾನದ ಹುಲ್ಲು ಕತ್ತರಿಸುವುದು, ಗೆರೆ ಎಳೆಯುವುದೂ ಅವರದೇ ಕೆಲಸ. ಬಿಳಿಯರ ಹೋಟೆಲಿನಲ್ಲಿ ಕಪ್ಪು ಹುಡುಗರಿಗೆ ಊಟ ಕೊಡದ ಕಾಲ ಅದು. ಅದಕ್ಕೇ ದೂರದ ಪಂದ್ಯಕ್ಕೆ ಹೊರಟಾಗ ತಾವೇ ಸ್ಯಾಂಡ್‌ವಿಚ್ ಮಾಡುತ್ತಿದ್ದರು. ಬೆಳಿಗ್ಗೆ ಹಾಸ್ಟೆಲಿನಲ್ಲಿ ದನದ ಕೊರಳ ಗಂಟೆ ಬಾರಿಸಿ ಹುಡುಗರನ್ನು ಕ್ಲಾಸಿಗೆ ಎಬ್ಬಿಸುತ್ತಿದ್ದರು. ಗೆಲುವಿನ ಲೆಕ್ಕಕ್ಕಿಂತ ನನಗೆ ಈ ಗಂಟೆಯೇ ಜಾಸ್ತಿ ಇಷ್ಟ. ಇವರ ಶಿಷ್ಯ ಡಗ್ ವಿಲಿಯಮ್ಸ್ 1988ರ ಜನವರಿಯಲ್ಲಿ ಸೂಪರ್ ಬೌಲ್ (ಆ ಆಟದ ವೃತ್ತಿಪರ ಲೀಗಿನ ಫೈನಲ್) ಗೆದ್ದ ಆಟವನ್ನು ಶನಿವಾರದೊಳಗೆ ನೋಡಿ ಬನ್ನಿ. ಸುಮ್ನೆ ಸ್ಕೋರ್ ಹಾಕಬೇಡಿ, ನಿಮಗೆ ಅನಿಸಿದ್ದನ್ನು ನಾಲ್ಕು ಸಾಲು ಬರೆಯಿರಿ.