ಕಣಗಿಲೆಯೂ ಗಿಡವೇ ಸ್ವಾಮಿ

ಸಂಪಾದಕರಿಗೆ ನಮಸ್ಕಾರ.

ಸೀಬೆ ಎಲೆಯ ರಸದಿಂದ ಕಬ್ಬಿಣದ ಆಕ್ಸೈಡ್ ನ್ಯಾನೋ ಕಣ, ಅಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಕಣ ಮಾಡಿ, ಎಂಆರ್‌ಐ ಸ್ಕ್ಯಾನಿನ ಚಿತ್ರ ಸ್ಪಷ್ಟವಾಗಿ ಬರಲು ಅದನ್ನು ರಕ್ತಕ್ಕೆ ಕೊಡಬಹುದು ಎಂದು ಕಳೆದ ವಾರ ನಿಮ್ಮ ಪತ್ರಿಕೆಯಲ್ಲಿ ಓದಿದೆ. ಸುದ್ದಿ ಚೆನ್ನಾಗಿತ್ತು. ಕೊನೆಗೆ ಮಾತ್ರ ‘ಗಿಡದಿಂದ ಮಾಡಿದ್ದರಿಂದ ಅಡ್ಡಪರಿಣಾಮವಿಲ್ಲ’ ಎಂದು ಬರೆದಿದ್ದೀರಿ. ನನ್ನ ತಕರಾರು ಆ ಒಂದು ಸಾಲಿನ ಮೇಲೆ.

ನಾನು ಹಾಸನದ ಕಾಲೇಜೊಂದರ ಕೆಮಿಸ್ಟ್ರಿ ಲ್ಯಾಬಿನಲ್ಲಿ 31 ವರ್ಷ ಅಸಿಸ್ಟೆಂಟ್ ಆಗಿದ್ದವನು. ನಿವೃತ್ತಿಯ ವರ್ಷ ಎಂಎಸ್ಸಿ ಹುಡುಗಿಯರು ಇದೇ ಪ್ರಾಜೆಕ್ಟ್ ಹಿಡಿದಿದ್ದರು. ಎಲೆ ನಮ್ಮ ಹಿತ್ತಲಿನದೇ. ಕುದಿಸಿ, ಸೋಸಿ, ಫೆರಿಕ್ ಕ್ಲೋರೈಡ್ ಎಂಬ ಕಬ್ಬಿಣದ ಲವಣ ಹಾಕಿದ ತಕ್ಷಣ ಕಡುಗಪ್ಪು. ‘ನ್ಯಾನೋ ಬಂತು!’ ಎಂದು ಕುಣಿದರು. ನಾನು ಆಯಸ್ಕಾಂತ ತಂದು ಬೀಕರಿಗೆ ಹಿಡಿದೆ. ಏನೂ ಅಲುಗಲಿಲ್ಲ. ಎಲೆಯ ಒಗರು ಕಬ್ಬಿಣಕ್ಕೆ ಸೇರಿ ಕಪ್ಪಾಗಿತ್ತು, ಅಷ್ಟೆ. ಬಾಳೆಕಾಯಿ ಹೆಚ್ಚಿದ ಈಳಿಗೆಮಣೆ ಕಪ್ಪಾಗುತ್ತದಲ್ಲ, ಹಾಗೆ. ಹಿಂದಿನವರು ಅಳಲೆಕಾಯಿಯಿಂದ ಶಾಯಿ ಮಾಡುತ್ತಿದ್ದುದೂ ಹೀಗೇ.

ಮಾರನೇ ದಿನ ಕಬ್ಬಿಣದ ಎರಡು ಬಗೆಯ ಲವಣ, ಫೆರಸ್ ಒಂದು ಪಾಲು, ಫೆರಿಕ್ ಎರಡು ಪಾಲು ಬೆರೆಸಿ, ಎಲೆ ರಸ ಸೇರಿಸಿ, ಅಮೋನಿಯಾ ತೊಟ್ಟಿಕ್ಕಿಸಿದರು. ಈ ಸಲ ಕಪ್ಪು ಪುಡಿ ಆಯಸ್ಕಾಂತ ಹಿಡಿದ ಕಡೆಗೇ ಓಡಿ ಬಂತು. ಅಷ್ಟು ಖುಷಿ ಕೊಟ್ಟ ಪ್ರಯೋಗ ನನಗೆ ಇನ್ನೊಂದಿಲ್ಲ. ಎಲೆಯ ಒಗರು ಕಣಗಳ ಮೈಗೆ ಅಂಟಿಕೊಂಡು, ಗಂಟು ಕಟ್ಟದ ಹಾಗೆ ನೋಡಿಕೊಳ್ಳುತ್ತದೆ. ಗಿಡದ ಉಪಕಾರ ಅದು, ಇಲ್ಲ ಅನ್ನಲ್ಲ.

ಆದರೆ ಕಣ 10 ನ್ಯಾನೋಮೀಟರ್ ಇದೆಯೋ 200 ಇದೆಯೋ ಎಂದು ಆಯಸ್ಕಾಂತ ಹೇಳುವುದಿಲ್ಲ. ಅದಕ್ಕೆ ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಬೇಕು. ಸ್ಯಾಂಪಲ್ ಬೇರೆ ಊರಿಗೆ ಕಳಿಸಿ ಪಾಪ ಒಂದೂವರೆ ತಿಂಗಳು ಕಾದರು. ಇನ್ನು ಆಷಾಢದ ಮಳೆಯಲ್ಲಿ ಕೊಯ್ದ ಎಲೆಗೂ ಬೇಸಿಗೆಯ ಎಲೆಗೂ ಒಗರು ಒಂದೇ ಇರಲ್ಲ, ಅಲ್ವಾ? ಒಗರು ಬದಲಾದರೆ ಕಣವೂ ಬದಲು. ರಕ್ತಕ್ಕೆ ಹೋಗುವ ವಸ್ತು ಪ್ರತಿ ಸಲವೂ ಒಂದೇ ಥರ ಇರಬೇಕು.

ಕಬ್ಬಿಣದ ಆಕ್ಸೈಡ್ ಸ್ಕ್ಯಾನಿಗೆ ಹೊಸದೇನಲ್ಲ. ಲಿವರ್ ಎಂಆರ್‌ಐಗೆ ಅಮೆರಿಕದಲ್ಲಿ 1996ರಲ್ಲೇ ಒಂದಕ್ಕೆ ಒಪ್ಪಿಗೆ ಸಿಕ್ಕಿತ್ತು. ಆಮೇಲೆ ಅದರ ಮಾರಾಟ ನಿಂತಿತು. 2009ರಲ್ಲಿ ಅಲ್ಲೇ ಒಪ್ಪಿಗೆ ಪಡೆದ ಫೆರುಮಾಕ್ಸಿಟಾಲ್ ಕೂಡ ಕಬ್ಬಿಣದ ಆಕ್ಸೈಡಿನದೇ, ಕಿಡ್ನಿ ಕಾಯಿಲೆಯವರ ರಕ್ತಹೀನತೆಗೆ ಬಂದ ಔಷಧ. ಕೆಲವು ವೈದ್ಯರು ಎಂಆರ್‌ಐಗೂ ಬಳಸುತ್ತಾರೆ. ಕಾರ್ಖಾನೆಯಲ್ಲಿ ಅಳೆದು ತೂಗಿ ಮಾಡಿದ ಅದರಿಂದಲೂ ಜೀವಕ್ಕೆ ಅಪಾಯವಾಗುವಂಥ ಅಲರ್ಜಿ ಆಗಬಹುದು ಎಂದು 2015ರಲ್ಲಿ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎಚ್ಚರಿಕೆ ಹಾಕಿಸಿತು.

ನಾನು ಸುಮ್ನೆ ತಪ್ಪು ಹುಡುಕುತ್ತಿಲ್ಲ. ನನ್ನ ಹೆಂಡತಿಗೆ ಕಿಡ್ನಿ ತೊಂದರೆ. ಎಂಆರ್‌ಐಗೆ ಮುಂಚೆ ಡಾಕ್ಟರು ಕಿಡ್ನಿಯ ರಕ್ತಪರೀಕ್ಷೆ ಕ್ರಿಯಾಟಿನಿನ್ ನೋಡಿ, ಸ್ಕ್ಯಾನ್ ಸ್ಪಷ್ಟವಾಗಲು ಈಗ ಕೊಡುವ ಗ್ಯಾಡೊಲಿನಿಯಂ ಇಂಜೆಕ್ಷನ್ ಬೇಡ ಎಂದರು. ನಿಮ್ಮ ಸುದ್ದಿ ಬಂದ ಮಾರನೇ ದಿನ ಮಹಾರಾಜ ಪಾರ್ಕಿನಲ್ಲಿ ವಾಕಿಂಗ್ ಜೊತೆಗಾರರೊಬ್ಬರು, ‘ಮನೆಯವರಿಗೆ ಸೀಬೆ ಎಲೆ ಕಷಾಯ ಕುಡಿಸಿ ಸ್ಕ್ಯಾನ್ ಮಾಡಿಸಿ, ಪೇಪರಲ್ಲೇ ಬಂದಿದೆ’ ಎಂದರು. ವಿಷದ ಕಣಗಿಲೆಯೂ ಗಿಡವೇ ಸ್ವಾಮಿ ಎಂದೆ. ಅವರಿಗೆ ಬೇಜಾರಾಯಿತು.

ಇಂಥ ಸುದ್ದಿ ಹಾಕುವಾಗ ಅದು ಇನ್ನೂ ಬೀಕರಿನಲ್ಲಿದೆಯೋ, ಇಲಿಯವರೆಗೆ ಹೋಗಿದೆಯೋ, ಮನುಷ್ಯರವರೆಗೆ ಬಂದಿದೆಯೋ ಅದೊಂದನ್ನು ದಯವಿಟ್ಟು ಬರೆಯಿರಿ. ನನ್ನ ಜೊತೆಗಾರರಿಗೆ ಆ ಸಾಲನ್ನು ಕತ್ತರಿಸಿಕೊಂಡು ಹೋಗಿ ತೋರಿಸುತ್ತೇನೆ.

— ನಿವೃತ್ತ ಲ್ಯಾಬ್ ಅಸಿಸ್ಟೆಂಟ್, ಹಾಸನ