ಎಂಟರಿಂದ ಹತ್ತನೇ ತರಗತಿಯ ಮಕ್ಕಳ ಪೋಷಕರಿಗೆ

ಮಾನ್ಯ ಪೋಷಕರೇ,

ಕಳೆದ ಸಭೆಯಲ್ಲಿ ಅಂಕಗಳಿಗಿಂತ ಹೆಚ್ಚಾಗಿ ಕೇಳಿಬಂದದ್ದು ಒಂದೇ ದೂರು: "ಮನೆಯಲ್ಲಿ ಹೇಳಿದ್ದು ಕಿವಿಗೆ ಹೋಗುವುದಿಲ್ಲ, ಗೆಳೆಯರು ಹೇಳಿದ್ದೇ ವೇದವಾಕ್ಯ." ಅಂದು ಸಮಯ ಸಾಲಲಿಲ್ಲವಾದ್ದರಿಂದ ಈ ಪತ್ರ.

ಹಣೆಯ ಹಿಂದಿರುವ ಮಿದುಳಿನ ಮುಂಭಾಗ ಮಾಗಲು ಇಪ್ಪತ್ತರ ಹರೆಯದ ನಡುವಿನವರೆಗೂ ಬೇಕು. ದುಡುಕನ್ನು ತಡೆಯುವ ಕೆಲಸ ಅದರದ್ದು. ಮೆಚ್ಚುಗೆ, ರೋಮಾಂಚನಗಳಿಗೆ ಮಿಡಿಯುವ ಒಳಭಾಗಗಳು ಮಾತ್ರ ಅಷ್ಟು ಕಾಯುವುದಿಲ್ಲ. 2005ರಲ್ಲಿ ಅಮೆರಿಕದ ಮನೋವಿಜ್ಞಾನಿಗಳಾದ ಮಾರ್ಗೊ ಗಾರ್ಡ್ನರ್ ಮತ್ತು ಲಾರೆನ್ಸ್ ಸ್ಟೈನ್‌ಬರ್ಗ್ ಕಂಪ್ಯೂಟರಿನಲ್ಲಿ ಕಾರು ಓಡಿಸುವ ಆಟವೊಂದನ್ನು ಆಡಿಸಿದರು. ಗೆಳೆಯರು ನೋಡುತ್ತಿದ್ದಾಗ 13ರಿಂದ 16 ವರ್ಷದವರು ಮೈಮೇಲೆ ಎಳೆದುಕೊಂಡ ಅಪಾಯ ಸುಮಾರು ಎರಡು ಪಟ್ಟಾಯಿತು. ದೊಡ್ಡವರಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ.

ಮಂಡ್ಯದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಬ್ಬನೇ ಇದ್ದರೆ ವಿಶ್ವೇಶ್ವರಯ್ಯ ನಾಲೆಯ ಏರಿಯ ಮೇಲೆ ನಿಂತು ನೋಡುವ ಹುಡುಗ, ನಾಲ್ವರು ಜೊತೆಗಿದ್ದರೆ ಸೇತುವೆಯಿಂದಲೇ ಧುಮುಕುತ್ತಾನೆ. "ಈಜು ಬರುತ್ತದೆ ಬಿಡಿ ಸಾರ್" ಎನ್ನಬೇಡಿ. ನೀರಿನ ಸೆಳೆತದಲ್ಲಿ ಕಾಂಕ್ರೀಟಿನ ಇಳಿಜಾರು ಹತ್ತುವುದು ಈಜುಗಾರರಿಗೂ ಕಷ್ಟ. ಎಲ್ಲಿಗೆ ಎಂದು ಕೇಳುವಾಗ ಯಾರ ಜೊತೆ ಎಂದೂ ಕೇಳಿ. ಸ್ಕೂಟರ್ ಕೀಲಿಯನ್ನಂತೂ ಕೊಡಲೇಬೇಡಿ. ಅಪ್ರಾಪ್ತರು ವಾಹನ ಓಡಿಸಿ ಸಿಕ್ಕಿಬಿದ್ದರೆ, 2019ರ ತಿದ್ದುಪಡಿಯ ನಂತರ ಪೋಷಕರಿಗೇ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು.

ಇನ್ನೊಂದು ವಿಷಯಕ್ಕೆ ನಾವು ಬೆಲೆ ಕೊಡುವುದು ಕಡಿಮೆ. 'ಇವರು ನನ್ನ ಬಗ್ಗೆ ಏನೆಂದುಕೊಂಡರು?' ಎಂಬ ಯೋಚನೆ ಈ ವಯಸ್ಸಿನಲ್ಲಿ ಬಿಟ್ಟೂಬಿಡದೆ ಕಾಡುತ್ತದೆ. ಲಂಡನ್ನಿನಲ್ಲಿ ಮಿದುಳು ವಿಜ್ಞಾನಿ ಸಾರಾ ಜೇನ್ ಬ್ಲೇಕ್‌ಮೋರ್ ಅವರ ತಂಡ ನಡೆಸಿದ ಪ್ರಯೋಗದಲ್ಲಿ, ಕಂಪ್ಯೂಟರಿನ ಚೆಂಡಾಟದಿಂದ ಹೊರಗಿಟ್ಟಾಗ ಹದಿಹರೆಯದ ಹುಡುಗಿಯರು ವಯಸ್ಕ ಮಹಿಳೆಯರಿಗಿಂತ ಹೆಚ್ಚು ಕುಗ್ಗಿದರು. ಬರೀ ಆಟಕ್ಕೇ ಹಾಗಾದರೆ, ತರಗತಿಯ ವಾಟ್ಸ್‌ಆ್ಯಪ್ ಗುಂಪಿನಿಂದ ತೆಗೆದುಹಾಕಿದ್ದಕ್ಕೆ ಮಗಳು ಊಟ ಬಿಟ್ಟರೆ "ಇಷ್ಟಕ್ಕೆಲ್ಲಾ ಅಳುವುದೇ?" ಎಂದು ಗದರಬೇಡಿ.

ಶಾಲೆಯ ಗೇಟಿನಲ್ಲಿ, ಸಹಪಾಠಿಗಳ ಎದುರು ಬೈಯುವುದನ್ನೂ ದಯವಿಟ್ಟು ನಿಲ್ಲಿಸಿ. ಆ ಹೊತ್ತಿನಲ್ಲಿ ಮಗುವಿನ ಗಮನವೆಲ್ಲ ನೋಡುತ್ತಿರುವವರ ಮೇಲಿರುತ್ತದೆ, ನಿಮ್ಮ ಬುದ್ಧಿಮಾತು ಒಳಗೆ ಇಳಿಯುವುದಿಲ್ಲ. ಪಕ್ಕದ ಮನೆಯವರ ಮಗಳ ಹೋಲಿಕೆಯೂ ಅಷ್ಟೇ (ಆ ಮಗಳಿಗೂ ಅದು ಹಿಂಸೆಯೇ).

ಶಿಕ್ಷಕರಿಗೂ ಇದೇ ನಿಯಮ. ಮುಂದಿನ ಕಿರುಪರೀಕ್ಷೆಯಿಂದ ತರಗತಿಯಲ್ಲಿ ಅಂಕಗಳನ್ನು ಗಟ್ಟಿಯಾಗಿ ಓದುವುದಿಲ್ಲ, ಅಂಕಪಟ್ಟಿಯನ್ನು ನಿಮ್ಮ ಕೈಗೇ ಕೊಡುತ್ತೇವೆ. ಮಗುವಿನ ಆಪ್ತ ಗೆಳೆಯರ ಮನೆಯವರ ಫೋನ್ ಸಂಖ್ಯೆ ನಿಮ್ಮ ಬಳಿ ಇಲ್ಲದಿದ್ದರೆ ಅಂಕಪಟ್ಟಿ ಪಡೆಯಲು ಬಂದಾಗ ಪರಸ್ಪರ ಪರಿಚಯ ಮಾಡಿಕೊಳ್ಳಿ. ಪ್ರತ್ಯೇಕವಾಗಿ ಮಾತನಾಡಬೇಕಾದವರು ಸಂಜೆ ಶಾಲೆ ಬಿಟ್ಟ ಮೇಲೆ ನನ್ನ ಕೊಠಡಿಗೆ ಬರಬಹುದು.

ವಂದನೆಗಳೊಂದಿಗೆ,
ಮುಖ್ಯ ಶಿಕ್ಷಕರು
ಮಂಡ್ಯ